ಡೇಟಾಬೇಸ್ ತಂತ್ರಾಂಶದ ಯಾವ ಆವೃತ್ತಿ ನಮಗೆ ಸಾಕು? ಬ್ಯಾಕಪ್ ಮತ್ತು ದತ್ತಾಂಶ ಆಮದಿನ ದೃಷ್ಟಿಯಿಂದ ಒಂದು ವಿವೇಚನೆ

ರೋಣ, ನರಗುಂದ ಹಾಗೂ ಗಜೇಂದ್ರಗಡದ ವ್ಯಾಪಾರಸ್ಥರ ಮನೆಗಳಲ್ಲಿ ದೀಪಾವಳಿಯ ಸಂದರ್ಭದಲ್ಲಿ ಕೀರ್ದಿ-ಖಾತೆ ಪುಸ್ತಕಗಳಿಗೆ ಪೂಜೆ ಸಲ್ಲಿಸುವ ಪದ್ಧತಿ ಇಂದಿಗೂ ಉಳಿದುಬಂದಿದೆ. ಆದರೆ ದಿನನಿತ್ಯದ ಲೆಕ್ಕವು ಆ ಪುಸ್ತಕಗಳಿಂದ ಗಣಕಯಂತ್ರಕ್ಕೆ ಸರಿದು ಅನೇಕ ವರ್ಷಗಳಾದವು. ಅಡತಿ ಅಂಗಡಿಯ ಪಟ್ಟಿ, ಜಿನ್ನಿಂಗ್ ಕಾರ್ಖಾನೆಯ ತೂಕದ ಚೀಟಿ, ಮಗ್ಗದ ಮಾಲೀಕರ ನೂಲಿನ ಲೆಕ್ಕ, ಗೊಬ್ಬರ-ಬೀಜದ ಅಂಗಡಿಯ ಉದ್ರಿ ಬಾಕಿ ಇವೆಲ್ಲವೂ ಈಗ ಒಂದು ಡೇಟಾಬೇಸ್ ತಂತ್ರಾಂಶದ ಒಡಲಲ್ಲಿವೆ. ಪುಸ್ತಕವನ್ನು ಇಲಿ ಕಡಿದರೆ ಒಂದೆರಡು ಹಾಳೆ ಹೋದೀತು. ಗಣಕಯಂತ್ರದ ಹಾರ್ಡ್ ಡಿಸ್ಕ್ ಕೆಟ್ಟರೆ ಹತ್ತು ವರ್ಷದ ಲೆಕ್ಕವೇ ಒಂದು ಕ್ಷಣದಲ್ಲಿ ಹೋಗಬಹುದು.

ಹೊಸ ತಂತ್ರಾಂಶವನ್ನು ಕೊಳ್ಳಲು ಹೊರಟಾಗ ನಮ್ಮ ಸದಸ್ಯರಿಗೆ ಸಾಮಾನ್ಯವಾಗಿ ಎರಡು ಬಗೆಯ ಸಲಹೆಗಳು ದೊರೆಯುತ್ತವೆ. ಒಬ್ಬ ಮಾರಾಟಗಾರರು, ‘ಉಚಿತ ಆವೃತ್ತಿಯೇ ಸಾಕು, ಸುಮ್ಮನೆ ಹಣ ಹಾಕಬೇಡಿರಿ’ ಎನ್ನುತ್ತಾರೆ. ಇನ್ನೊಬ್ಬರು, ‘ಉಚಿತ ಆವೃತ್ತಿಯಲ್ಲಿ ಬ್ಯಾಕಪ್ ಇಲ್ಲ, ಹಣ ಕೊಟ್ಟು ಕೊಳ್ಳುವ ಆವೃತ್ತಿಯೇ ಬೇಕು’ ಎನ್ನುತ್ತಾರೆ. ಮೊದಲನೆಯ ಮಾತು ಬಹುಮಟ್ಟಿಗೆ ನಿಜ. ಎರಡನೆಯ ಮಾತು ಅರ್ಧ ಮಾತ್ರ ನಿಜ. ಆ ಅರ್ಧ ಸತ್ಯ ಯಾವುದು, ಅದಕ್ಕಾಗಿ ಹಣ ವೆಚ್ಚ ಮಾಡುವ ಅಗತ್ಯ ಯಾರಿಗಿದೆ, ಯಾರಿಗಿಲ್ಲ ಎಂಬುದನ್ನು ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಆವೃತ್ತಿ ಬೇರೆ, ವರ್ಷನ್ ಬೇರೆ

ಮೊದಲಿಗೆ ಒಂದು ಗೊಂದಲವನ್ನು ನಿವಾರಿಸಿಕೊಳ್ಳುವುದು ಒಳಿತು. ನಮ್ಮ ಭಾಗದಲ್ಲಿ ಮಾರಾಟವಾಗುವ ಅನೇಕ ಬಿಲ್ಲಿಂಗ್ ಮತ್ತು ದಾಸ್ತಾನು ತಂತ್ರಾಂಶಗಳು ಮೈಕ್ರೋಸಾಫ್ಟ್ ಕಂಪನಿಯ ಎಸ್‌ಕ್ಯೂಎಲ್ ಸರ್ವರ್ ಎಂಬ ಡೇಟಾಬೇಸಿನ ಮೇಲೆ ನಿಂತಿವೆ. 2016, 2019, 2022, 2025 ಎಂಬ ಅಂಕಿಗಳು ಅದರ ವರ್ಷನ್ನುಗಳು, ಅಂದರೆ ಕಾಲಕಾಲಕ್ಕೆ ಹೊರಬಂದ ಪರಿಷ್ಕರಣಗಳು. ಎಕ್ಸ್‌ಪ್ರೆಸ್, ಸ್ಟ್ಯಾಂಡರ್ಡ್, ಎಂಟರ್‌ಪ್ರೈಸ್, ಡೆವಲಪರ್ ಎಂಬವು ಅದರ ಆವೃತ್ತಿಗಳು, ಅಂದರೆ ಒಂದೇ ವರ್ಷನ್ನಿನ ಬೇರೆ ಬೇರೆ ದರ್ಜೆಗಳು. ಒಂದೇ ಕಂಪನಿಯ ಒಂದೇ ವರ್ಷದ ಲಾರಿಯು ಬೇರೆ ಬೇರೆ ಭಾರ ಹೊರುವ ಮಾದರಿಗಳಲ್ಲಿ ದೊರೆಯುವಂತೆ ಇದನ್ನು ತಿಳಿಯಬಹುದು.

ಇವುಗಳಲ್ಲಿ ಎಕ್ಸ್‌ಪ್ರೆಸ್ ಆವೃತ್ತಿಯು ಉಚಿತ. ಅದನ್ನು ವ್ಯಾಪಾರದ ಕೆಲಸಕ್ಕೆ ಬಳಸಲು ಯಾವ ಅಡ್ಡಿಯೂ ಇಲ್ಲ. ಸ್ಟ್ಯಾಂಡರ್ಡ್ ಮತ್ತು ಎಂಟರ್‌ಪ್ರೈಸ್ ಆವೃತ್ತಿಗಳಿಗೆ ಪರವಾನಗಿ ಶುಲ್ಕವಿದೆ. ಡೆವಲಪರ್ ಆವೃತ್ತಿಯ ವಿಷಯದಲ್ಲಿ ಎಚ್ಚರಿಕೆ ಅಗತ್ಯ. ಅದೂ ಉಚಿತವೇ, ಮತ್ತು ಅದರಲ್ಲಿ ದುಬಾರಿ ಆವೃತ್ತಿಯ ಸೌಲಭ್ಯಗಳಿವೆ. ಆದರೆ ಅದು ತಂತ್ರಾಂಶವನ್ನು ಸಿದ್ಧಪಡಿಸುವವರ ಮತ್ತು ಪರೀಕ್ಷಿಸುವವರ ಉಪಯೋಗಕ್ಕೆ ಮಾತ್ರ. ಅಂಗಡಿಯ ನಿಜವಾದ ಲೆಕ್ಕವನ್ನು ಅದರಲ್ಲಿ ನಡೆಸುವುದು ಪರವಾನಗಿಯ ಉಲ್ಲಂಘನೆಯಾಗುತ್ತದೆ. ತಮ್ಮ ಗಣಕಯಂತ್ರದಲ್ಲಿ ಯಾವ ಆವೃತ್ತಿಯನ್ನು ಅಳವಡಿಸಲಾಗಿದೆ ಎಂಬುದನ್ನು ಮಾಲೀಕರೇ ಒಮ್ಮೆ ವಿಚಾರಿಸಿ, ಬರವಣಿಗೆಯಲ್ಲಿ ಪಡೆದುಕೊಳ್ಳುವುದು ಸೂಕ್ತ.

ಗಾತ್ರದ ಲೆಕ್ಕ

ಉಚಿತ ಆವೃತ್ತಿಗೆ ಇರುವ ಮೊದಲ ಕಟ್ಟು ಗಾತ್ರದ್ದು. ಎಸ್‌ಕ್ಯೂಎಲ್ ಸರ್ವರ್ 2005ರ ಎಕ್ಸ್‌ಪ್ರೆಸ್ ಆವೃತ್ತಿಯಲ್ಲಿ ಒಂದು ಡೇಟಾಬೇಸಿನ ಗರಿಷ್ಠ ಮಿತಿ 4 ಜಿಬಿ ಇತ್ತು. 2008 ಆರ್2 ವರ್ಷನ್ನಿನಿಂದ 2022ರ ವರ್ಷನ್ನಿನವರೆಗೆ ಈ ಮಿತಿ 10 ಜಿಬಿ. 2025ರ ನವೆಂಬರಿನಲ್ಲಿ ಬಿಡುಗಡೆಯಾದ 2025 ವರ್ಷನ್ನಿನಲ್ಲಿ ಇದನ್ನು 50 ಜಿಬಿಗೆ ಏರಿಸಲಾಗಿದೆ. ಈ ಮಿತಿಯು ಪ್ರತಿಯೊಂದು ಡೇಟಾಬೇಸಿಗೆ ಪ್ರತ್ಯೇಕವಾಗಿ ಅನ್ವಯಿಸುತ್ತದೆ. ಲಾಗ್ ಕಡತದ ಗಾತ್ರ ಇದರಲ್ಲಿ ಸೇರುವುದಿಲ್ಲ.

10 ಜಿಬಿ ಎಂದರೆ ಎಷ್ಟು? ಒಂದು ಉದಾಹರಣೆ ತೆಗೆದುಕೊಳ್ಳೋಣ. ಒಂದು ಅಡತಿ ಅಂಗಡಿಯಲ್ಲಿ ದಿನಕ್ಕೆ 500 ನಮೂದುಗಳು ಆಗುತ್ತವೆ, ವರ್ಷಕ್ಕೆ 300 ದಿನ ವಹಿವಾಟು ನಡೆಯುತ್ತದೆ, ಒಂದು ನಮೂದಿಗೆ ಸೂಚಿಗಳೂ ಸೇರಿ 1 ಕೆಬಿ ಸ್ಥಳ ಬೇಕಾಗುತ್ತದೆ ಎಂದುಕೊಂಡರೆ, ವರ್ಷಕ್ಕೆ ತುಂಬುವ ಜಾಗ ಸುಮಾರು 150 ಎಂಬಿ ಮಾತ್ರ. ಈ ಲೆಕ್ಕದಲ್ಲಿ 10 ಜಿಬಿ ತುಂಬಲು ಅರವತ್ತು ವರ್ಷಕ್ಕೂ ಮೇಲ್ಪಟ್ಟು ಕಾಲ ಹಿಡಿಯುತ್ತದೆ. ಬರಹ ಮತ್ತು ಅಂಕಿಗಳು ಜಾಗ ತಿನ್ನುವುದಿಲ್ಲ.

ಜಾಗ ತಿನ್ನುವುದು ಚಿತ್ರಗಳು. ಅದೇ ಅಂಗಡಿಯವರು ದಿನಕ್ಕೆ 200 ಪಟ್ಟಿಗಳನ್ನು ಸ್ಕ್ಯಾನ್ ಮಾಡಿ, ತಲಾ 300 ಕೆಬಿಯ ಚಿತ್ರವನ್ನು ಡೇಟಾಬೇಸಿನ ಒಳಗೇ ಇಟ್ಟರೆ ವರ್ಷಕ್ಕೆ ಸುಮಾರು 18 ಜಿಬಿ ಆಗುತ್ತದೆ. ಅಂದರೆ 10 ಜಿಬಿ ಮಿತಿಯು ಏಳನೆಯ ತಿಂಗಳಿಗೇ ಮುಗಿಯುತ್ತದೆ. ಮಿತಿ ಮುಟ್ಟಿದಾಗ ಹಳೆಯ ಲೆಕ್ಕ ಅಳಿಯುವುದಿಲ್ಲ, ಆದರೆ ಹೊಸ ನಮೂದು ಒಳಗೆ ಹೋಗುವುದಿಲ್ಲ. ಕಡಲೆಯ ಸುಗ್ಗಿಯಲ್ಲಿ ಅಂಗಳದ ತುಂಬ ಚೀಲಗಳು ನಿಂತಿರುವಾಗ ಬಿಲ್ ಹೊರಡದಿದ್ದರೆ ಆಗುವ ತೊಂದರೆಯನ್ನು ವಿವರಿಸಬೇಕಾಗಿಲ್ಲ. ಆದುದರಿಂದ ಚಿತ್ರಗಳನ್ನು ಪ್ರತ್ಯೇಕ ಫೋಲ್ಡರಿನಲ್ಲಿಟ್ಟು, ಅದರ ವಿಳಾಸವನ್ನು ಮಾತ್ರ ಡೇಟಾಬೇಸಿನಲ್ಲಿ ದಾಖಲಿಸುವ ತಂತ್ರಾಂಶವನ್ನೇ ಆರಿಸಿಕೊಳ್ಳಬೇಕು. ಹಾಗೆ ಮಾಡಿದಾಗ ಆ ಫೋಲ್ಡರಿನ ಬ್ಯಾಕಪ್ಪನ್ನೂ ಬೇರೆಯಾಗಿ ತೆಗೆಯಬೇಕೆಂಬುದನ್ನು ಮರೆಯಬಾರದು.

ಎರಡನೆಯ ಕಟ್ಟು ಯಂತ್ರಬಲದ್ದು. ಎಕ್ಸ್‌ಪ್ರೆಸ್ ಆವೃತ್ತಿಯು ಎಷ್ಟೇ ದೊಡ್ಡ ಗಣಕಯಂತ್ರದಲ್ಲಿದ್ದರೂ ಗರಿಷ್ಠ ನಾಲ್ಕು ಕೋರ್‌ಗಳನ್ನು ಮತ್ತು ದತ್ತಾಂಶಕ್ಕಾಗಿ 1.4 ಜಿಬಿಯಷ್ಟು ಸ್ಮೃತಿಯನ್ನು ಮಾತ್ರ ಬಳಸುತ್ತದೆ. ನಾಲ್ಕೈದು ಜನ ಗುಮಾಸ್ತರು ಏಕಕಾಲಕ್ಕೆ ನಮೂದಿಸುವ ಅಂಗಡಿಗೆ ಇದು ಸಾಮಾನ್ಯವಾಗಿ ಸಾಲುತ್ತದೆ.

ಬ್ಯಾಕಪ್: ಅರ್ಧ ಸತ್ಯದ ನಿಜಸ್ಥಿತಿ

ಈಗ ಮುಖ್ಯ ವಿಷಯಕ್ಕೆ ಬರೋಣ. ಉಚಿತ ಆವೃತ್ತಿಯಲ್ಲಿ ಬ್ಯಾಕಪ್ ಇಲ್ಲ ಎಂಬ ಮಾತು ಸರಿಯಲ್ಲ. ಪೂರ್ಣ ಬ್ಯಾಕಪ್, ಹಿಂದಿನ ಪೂರ್ಣ ಬ್ಯಾಕಪ್ಪಿನ ನಂತರ ಬದಲಾದ ಭಾಗದ ಬ್ಯಾಕಪ್, ಲಾಗ್ ಬ್ಯಾಕಪ್ ಈ ಮೂರನ್ನೂ ಎಕ್ಸ್‌ಪ್ರೆಸ್ ಆವೃತ್ತಿಯಲ್ಲಿ ತೆಗೆಯಬಹುದು. ಜನರು ಬಿಲ್ ಮಾಡುತ್ತಿರುವಾಗಲೇ, ಕೆಲಸ ನಿಲ್ಲಿಸದೆ ತೆಗೆಯಬಹುದು.

ಅದರಲ್ಲಿ ಇಲ್ಲದಿರುವುದು ಬ್ಯಾಕಪ್ ತೆಗೆಯುವ ಆಳು. ಸ್ಟ್ಯಾಂಡರ್ಡ್ ಆವೃತ್ತಿಯಲ್ಲಿ ‘ಏಜೆಂಟ್’ ಎಂಬ ಒಂದು ಅಂಗವಿದ್ದು, ನಿಗದಿಪಡಿಸಿದ ವೇಳೆಗೆ ಅದು ತಾನಾಗಿಯೇ ಬ್ಯಾಕಪ್ ತೆಗೆದು, ವಿಫಲವಾದರೆ ಇ-ಮೇಲ್ ಮೂಲಕ ತಿಳಿಸಬಲ್ಲುದು. ಎಕ್ಸ್‌ಪ್ರೆಸ್ ಆವೃತ್ತಿಯಲ್ಲಿ ಈ ಏಜೆಂಟ್ ಇಲ್ಲ. ಬ್ಯಾಕಪ್ ಕಡತವನ್ನು ಕುಗ್ಗಿಸುವ ಸೌಲಭ್ಯವಾಗಲಿ, ಗುಪ್ತಲಿಪಿಯಲ್ಲಿ ಬರೆಯುವ ಸೌಲಭ್ಯವಾಗಲಿ ಇಲ್ಲ. ಮಾರಾಟಗಾರರ ಮಾತಿನಲ್ಲಿರುವ ಅರ್ಧ ಸತ್ಯ ಇಷ್ಟೇ.

ಈ ಕೊರತೆಯನ್ನು ಹಣ ಕೊಡದೆಯೂ ತುಂಬಿಕೊಳ್ಳಬಹುದು. ವಿಂಡೋಸ್‌ನಲ್ಲಿಯೇ ‘ಟಾಸ್ಕ್ ಶೆಡ್ಯೂಲರ್’ ಎಂಬ ವ್ಯವಸ್ಥೆಯಿದೆ. ಬ್ಯಾಕಪ್ ಆಜ್ಞೆಯನ್ನು ಒಂದು ಚಿಕ್ಕ ಕಡತದಲ್ಲಿ ಬರೆದು, ಎಸ್‌ಕ್ಯೂಎಲ್‌ಸಿಎಂಡಿ ಎಂಬ ಉಚಿತ ಸಾಧನದ ಮೂಲಕ ದಿನವೂ ಇಂತಿಷ್ಟು ಗಂಟೆಗೆ ನಡೆಯುವಂತೆ ಅದರಲ್ಲಿ ನಿಗದಿಪಡಿಸಬಹುದು. ತಂತ್ರಾಂಶ ಅಳವಡಿಸುವವರಿಗೆ ಇದು ಒಂದು ಗಂಟೆಯ ಕೆಲಸ. ಅಳವಡಿಕೆಯ ಒಪ್ಪಂದದಲ್ಲಿಯೇ ಇದನ್ನು ಸೇರಿಸಿ ಬರೆಸಿಕೊಳ್ಳಬೇಕು.

ಇಲ್ಲಿ ನಮ್ಮ ಊರುಗಳ ರೂಢಿಗೆ ಸಂಬಂಧಿಸಿದ ಒಂದು ಸೂಕ್ಷ್ಮವಿದೆ. ರಾತ್ರಿ 2 ಗಂಟೆಗೆ ಬ್ಯಾಕಪ್ ತೆಗೆಯಬೇಕೆಂದು ಪುಸ್ತಕಗಳು ಹೇಳುತ್ತವೆ. ಆದರೆ ನಾವು ಅಂಗಡಿಗೆ ಬೀಗ ಹಾಕುವಾಗ ಮೇನ್ ಸ್ವಿಚ್ಚನ್ನೇ ಆರಿಸಿ ಹೋಗುತ್ತೇವೆ. ಆರಿಸಿದ ಯಂತ್ರದಲ್ಲಿ ಉಚಿತ ಆವೃತ್ತಿಯೂ ಬ್ಯಾಕಪ್ ತೆಗೆಯದು, ಲಕ್ಷಾಂತರ ರೂಪಾಯಿಯ ಆವೃತ್ತಿಯೂ ತೆಗೆಯದು. ಆದ್ದರಿಂದ ಮಧ್ಯಾಹ್ನ ಊಟದ ವೇಳೆಗೆ ಒಮ್ಮೆ, ಅಂಗಡಿ ಮುಚ್ಚುವ ಅರ್ಧ ಗಂಟೆ ಮೊದಲು ಒಮ್ಮೆ ಬ್ಯಾಕಪ್ ಆಗುವಂತೆ ನಿಗದಿಪಡಿಸುವುದೇ ನಮಗೆ ಹೊಂದುವ ಕ್ರಮ. ವಿದ್ಯುತ್ ಹೋದಾಗ ಬ್ಯಾಕಪ್ ಅರ್ಧಕ್ಕೆ ನಿಲ್ಲದಂತೆ ಯುಪಿಎಸ್ ಇರಲೇಬೇಕು. ವಿಂಡೋಸ್‌ನ ಪಾಸ್‌ವರ್ಡ್ ಬದಲಾಯಿಸಿದಾಗ ನಿಗದಿತ ಕೆಲಸವು ಸದ್ದಿಲ್ಲದೆ ನಿಂತುಹೋಗುವ ಸಂಭವವಿದೆ. ಆದುದರಿಂದ ಬ್ಯಾಕಪ್ ಕಡತದ ದಿನಾಂಕವನ್ನು ವಾರಕ್ಕೊಮ್ಮೆ ಕಣ್ಣಾರೆ ನೋಡಿ ಒಂದು ಪುಸ್ತಕದಲ್ಲಿ ಸಹಿ ಹಾಕುವ ಹೊಣೆಯನ್ನು ಒಬ್ಬ ಗುಮಾಸ್ತರಿಗೆ ವಹಿಸಬೇಕು.

ಇನ್ನೊಂದು ತಪ್ಪು ರೂಢಿಯನ್ನೂ ಇಲ್ಲಿ ಹೇಳಬೇಕು. ಡೇಟಾಬೇಸಿನ ಮುಖ್ಯ ಕಡತವನ್ನೇ ಪೆನ್‌ಡ್ರೈವಿಗೆ ನಕಲು ಮಾಡುವುದು ಬ್ಯಾಕಪ್ ಅಲ್ಲ. ಡೇಟಾಬೇಸ್ ಚಾಲನೆಯಲ್ಲಿರುವಾಗ ಆ ಕಡತ ನಕಲಾಗುವುದಿಲ್ಲ. ಯಾವುದೋ ಉಪಾಯದಿಂದ ನಕಲು ಮಾಡಿದರೂ ಅದು ಮತ್ತೆ ತೆರೆದುಕೊಳ್ಳುವ ಭರವಸೆ ಇಲ್ಲ. ಬ್ಯಾಕಪ್ ಆಜ್ಞೆಯಿಂದ ಹೊರಬಂದ ಕಡತವನ್ನು ಮಾತ್ರ ನಂಬಬೇಕು.

ಪ್ರತಿ ಎಲ್ಲಿರಬೇಕು?

ಬ್ಯಾಕಪ್ ಕಡತವು ಅದೇ ಗಣಕಯಂತ್ರದ ಅದೇ ಡಿಸ್ಕಿನಲ್ಲಿದ್ದರೆ ಪ್ರಯೋಜನವಿಲ್ಲ. ಒಟ್ಟು ಮೂರು ಪ್ರತಿಗಳು, ಎರಡು ಬಗೆಯ ಸಾಧನಗಳಲ್ಲಿ, ಅವುಗಳಲ್ಲಿ ಒಂದು ಬೇರೆ ಸ್ಥಳದಲ್ಲಿ ಇರಬೇಕೆಂಬುದು ತಜ್ಞರು ಒಪ್ಪಿರುವ ನಿಯಮ. ‘ಬೇರೆ ಸ್ಥಳ’ ಎಂಬ ಮಾತು ನಮ್ಮವರಿಗೆ ಅತಿಶಯವೆಂದು ತೋರಬಾರದು. 2009ರಲ್ಲಿ ಹಾಗೂ 2019ರ ಆಗಸ್ಟಿನಲ್ಲಿ ಮಲಪ್ರಭೆಯ ಪ್ರವಾಹವು ನರಗುಂದ ಮತ್ತು ರೋಣ ತಾಲ್ಲೂಕುಗಳ ನದಿತೀರದ ಗ್ರಾಮಗಳಿಗೆ ನುಗ್ಗಿದ್ದನ್ನು ನಾವೆಲ್ಲರೂ ಕಂಡಿದ್ದೇವೆ. ಅಂಗಡಿಯೂ ಮನೆಯೂ ಒಂದೇ ಓಣಿಯಲ್ಲಿದ್ದರೆ ಎರಡು ಪ್ರತಿಗಳೂ ಒಟ್ಟಿಗೇ ನೀರುಪಾಲಾಗುತ್ತವೆ. ನರಗುಂದದವರು ಗಜೇಂದ್ರಗಡದ ಬೀಗರ ಮನೆಯಲ್ಲಿ ತಿಂಗಳಿಗೊಮ್ಮೆ ಒಂದು ಡಿಸ್ಕ್ ಇಟ್ಟುಬಂದರೂ ಆಯಿತು. ಅಂತರಜಾಲದ ಸಂಗ್ರಹ ಸೇವೆಗೆ ದಿನವೂ ಕಳುಹಿಸಿದರೆ ಇನ್ನೂ ಉತ್ತಮ. ಎಕ್ಸ್‌ಪ್ರೆಸ್ ಆವೃತ್ತಿಯ ಬ್ಯಾಕಪ್ ಗುಪ್ತಲಿಪಿಯಲ್ಲಿರುವುದಿಲ್ಲವಾದ್ದರಿಂದ, ಹೊರಗೆ ಕಳುಹಿಸುವ ಮುನ್ನ ಪಾಸ್‌ವರ್ಡ್ ಇರುವ ಜಿಪ್ ಕಡತವನ್ನಾಗಿ ಮಾಡುವುದು ಕ್ಷೇಮ. ಇದರಿಂದ ಗಾತ್ರವೂ ಕುಗ್ಗುತ್ತದೆ.

ಕಡತಗಳನ್ನೆಲ್ಲ ಬಂಧಿಸಿ ಒತ್ತೆ ಹಣ ಕೇಳುವ ವೈರಸ್‌ಗಳ ಹಾವಳಿಯನ್ನು 2017ರ ಮೇ ತಿಂಗಳಿನಲ್ಲಿ ‘ವಾನ್ನಾಕ್ರೈ’ ಜಗತ್ತಿಗೇ ತೋರಿಸಿಕೊಟ್ಟಿತು. ಇಂತಹ ವೈರಸ್ ಗಣಕಯಂತ್ರಕ್ಕೆ ಸಿಕ್ಕಿಸಿಟ್ಟ ಹೊರ ಡಿಸ್ಕನ್ನೂ ಬಿಡುವುದಿಲ್ಲ. ಆದುದರಿಂದ ಬ್ಯಾಕಪ್ ಆದ ಕೂಡಲೇ ಡಿಸ್ಕನ್ನು ಬಿಡಿಸಿ ತಿಜೋರಿಯಲ್ಲಿಡುವುದು ಅವಶ್ಯ.

ಮರುಸ್ಥಾಪನೆಯ ಪರೀಕ್ಷೆ

ತೂಕ ಮಾಡಿ ನೋಡದ ಚೀಲವನ್ನು ನಾವು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಾಗೆಯೇ ಒಮ್ಮೆಯೂ ಮರುಸ್ಥಾಪಿಸಿ ನೋಡದ ಬ್ಯಾಕಪ್ಪನ್ನು ಬ್ಯಾಕಪ್ ಎಂದು ಎಣಿಸಬಾರದು. ಮೂರು ತಿಂಗಳಿಗೊಮ್ಮೆ ಬೇರೊಂದು ಗಣಕಯಂತ್ರದಲ್ಲಿ ಎಕ್ಸ್‌ಪ್ರೆಸ್ ಆವೃತ್ತಿಯನ್ನು ಅಳವಡಿಸಿ, ಬ್ಯಾಕಪ್ ಕಡತದಿಂದ ಡೇಟಾಬೇಸನ್ನು ಮರುಸ್ಥಾಪಿಸಿ, ಮೂರು ಸಂಗತಿಗಳನ್ನು ತಾಳೆ ನೋಡಬೇಕು: ಕೊನೆಯ ಬಿಲ್ಲಿನ ಸಂಖ್ಯೆ, ಯಾವುದಾದರೂ ಒಬ್ಬ ಗಿರಾಕಿಯ ಬಾಕಿ, ಆ ದಿನದ ನಗದು ಶಿಲ್ಕು. ಮೂರೂ ಸರಿಬಂದರೆ ನೆಮ್ಮದಿ. ಉಚಿತ ಆವೃತ್ತಿಯಾದ್ದರಿಂದ ಈ ಪರೀಕ್ಷೆಗೆ ಖರ್ಚಿಲ್ಲ.

ಇಲ್ಲಿ ಎರಡು ನಿಯಮಗಳನ್ನು ನೆನಪಿಡಬೇಕು. ಹೊಸ ವರ್ಷನ್ನಿನಲ್ಲಿ ತೆಗೆದ ಬ್ಯಾಕಪ್ ಹಳೆಯ ವರ್ಷನ್ನಿನಲ್ಲಿ ತೆರೆಯುವುದಿಲ್ಲ. ಹಾಗೆಯೇ ಸ್ಟ್ಯಾಂಡರ್ಡ್ ಆವೃತ್ತಿಯಲ್ಲಿ 10 ಜಿಬಿ ಮೀರಿ ಬೆಳೆದ ಡೇಟಾಬೇಸು 10 ಜಿಬಿ ಮಿತಿಯಿರುವ ಎಕ್ಸ್‌ಪ್ರೆಸ್ ಆವೃತ್ತಿಯೊಳಗೆ ಹಿಡಿಯುವುದಿಲ್ಲ. ಅಂದರೆ ಮೇಲಿನ ದರ್ಜೆಗೆ ಹೋಗುವುದು ಸುಲಭ, ಹಿಂದಿರುಗುವುದು ಕಠಿಣ. ಮೇಲಿನ ದರ್ಜೆಗೆ ಹೋದವರು ಇನ್ನೊಂದು ವಿಷಯದಲ್ಲಿಯೂ ಎಚ್ಚರದಿಂದಿರಬೇಕು. ಸ್ಟ್ಯಾಂಡರ್ಡ್ ಆವೃತ್ತಿಯಲ್ಲಿ ಹೊಸದಾಗಿ ಸೃಷ್ಟಿಸಿದ ಡೇಟಾಬೇಸು ಸಾಮಾನ್ಯವಾಗಿ ‘ಫುಲ್ ರಿಕವರಿ’ ಪದ್ಧತಿಯಲ್ಲಿರುತ್ತದೆ. ಅದರಲ್ಲಿ ಲಾಗ್ ಬ್ಯಾಕಪ್ ತೆಗೆಯದೆ ಬಿಟ್ಟರೆ ಲಾಗ್ ಕಡತ ಬೆಳೆಯುತ್ತಾ ಹೋಗಿ ಡಿಸ್ಕನ್ನೇ ತುಂಬಿಬಿಡುತ್ತದೆ. ಹಣ ಕೊಟ್ಟು ಕೊಂಡ ಆವೃತ್ತಿಗೂ ಮೇಲ್ವಿಚಾರಣೆ ಬೇಕೆಂಬುದಕ್ಕೆ ಇದೇ ಸಾಕ್ಷಿ.

ದತ್ತಾಂಶದ ಆಮದು

ಇಲ್ಲಿ ಆಮದು ಎಂದರೆ ಪರದೇಶದ ಸರಕಿನದಲ್ಲ. ಬೇರೆಡೆ ಇರುವ ದತ್ತಾಂಶವನ್ನು ನಮ್ಮ ಡೇಟಾಬೇಸಿನೊಳಗೆ ತರುವುದು. ಬ್ಯಾಂಕಿನ ಸ್ಟೇಟ್‌ಮೆಂಟ್, ಜಿಎಸ್‌ಟಿ ಪೋರ್ಟಲ್‌ನಿಂದ ಇಳಿಸಿಕೊಂಡ 2ಬಿ ಪಟ್ಟಿ, ಹಳೆಯ ಫಾಕ್ಸ್‌ಪ್ರೋ ತಂತ್ರಾಂಶದಲ್ಲಿದ್ದ ಗಿರಾಕಿಗಳ ಬಾಕಿ, ಎಕ್ಸೆಲ್ ಹಾಳೆಯಲ್ಲಿರುವ ಸೀರೆಗಳ ವಿನ್ಯಾಸ ಸಂಖ್ಯೆಗಳು ಇವೆಲ್ಲ ಹೀಗೆ ಒಳಬರಬೇಕಾದ ಆವಕಗಳು.

ಈ ವಿಷಯದಲ್ಲಿ ಆವೃತ್ತಿಗಳ ವ್ಯತ್ಯಾಸ ಇಂತಿದೆ. ಪಠ್ಯ ಕಡತದಿಂದ ಸಾವಿರಾರು ಸಾಲುಗಳನ್ನು ಒಮ್ಮೆಲೇ ಎತ್ತಿಕೊಳ್ಳುವ ಬಲ್ಕ್ ಇನ್ಸರ್ಟ್ ಮತ್ತು ಬಿಸಿಪಿ ಸಾಧನಗಳು ಎಲ್ಲ ಆವೃತ್ತಿಗಳಲ್ಲಿಯೂ, ಉಚಿತ ಆವೃತ್ತಿಯಲ್ಲಿಯೂ, ಕೆಲಸ ಮಾಡುತ್ತವೆ. ಹಂತಹಂತವಾಗಿ ಕೇಳಿ ಆಮದು ಮಾಡಿಸುವ ವಿಝಾರ್ಡನ್ನೂ ಎಕ್ಸ್‌ಪ್ರೆಸ್‌ನೊಡನೆ ಬಳಸಬಹುದು. ಆದರೆ ಅದೇ ಆಮದನ್ನು ಒಂದು ಕಾರ್ಯಕ್ರಮವಾಗಿ ಉಳಿಸಿಟ್ಟು ಮತ್ತೆ ಮತ್ತೆ ನಡೆಸುವ, ಅನೇಕ ಮೂಲಗಳಿಂದ ತಂದು ಶೋಧಿಸಿ ಸೇರಿಸುವ ಇಂಟಿಗ್ರೇಷನ್ ಸರ್ವಿಸಸ್ ಎಂಬ ವ್ಯವಸ್ಥೆ ಸ್ಟ್ಯಾಂಡರ್ಡ್ ಮತ್ತು ಮೇಲಿನ ಆವೃತ್ತಿಗಳಿಗೆ ಸೇರಿದ್ದು. ತಿಂಗಳಿಗೆ ಒಂದೆರಡು ಬಾರಿ ಆಮದು ಮಾಡುವವರಿಗೆ ಉಚಿತ ಸಾಧನಗಳೇ ಸಾಕು. ನಾಲ್ಕು ಶಾಖೆಗಳಿಂದ ಪ್ರತಿ ರಾತ್ರಿ ಲೆಕ್ಕ ತರಿಸಿ ಒಂದುಗೂಡಿಸುವವರಿಗೆ ಮೇಲಿನ ಆವೃತ್ತಿಯ ಉಪಯೋಗ ಕಾಣಬಹುದು.

ವಾಸ್ತವದಲ್ಲಿ ಆಮದು ಕೆಡುವುದು ಆವೃತ್ತಿಯಿಂದಲ್ಲ, ಎಕ್ಸೆಲ್ ಹಾಳೆಯಲ್ಲಾಗುವ ಬದಲಾವಣೆಗಳಿಂದ. ಅವುಗಳಲ್ಲಿ ಮುಖ್ಯವಾದವು ಈ ಕೆಳಕಂಡಂತಿವೆ.

1. ಮುಂದಿನ ಸೊನ್ನೆ ಮಾಯವಾಗುವುದು. ಈರುಳ್ಳಿಯ ಎಚ್‌ಎಸ್‌ಎನ್ ಸಂಕೇತ 0703, ಕಡಲೆ ಮತ್ತು ಹೆಸರಿನದು 0713, ಒಣಮೆಣಸಿನಕಾಯಿಯದು 0904. ಎಕ್ಸೆಲ್ ಇವನ್ನು ಸಂಖ್ಯೆಯೆಂದು ತಿಳಿದು 703, 713, 904 ಎಂದು ಮಾಡುತ್ತದೆ.

2. ಉದ್ದನೆಯ ಸಂಖ್ಯೆಯ ಕೊನೆ ಕೆಡುವುದು. ಎಕ್ಸೆಲ್ 15 ಅಂಕಿಗಳನ್ನು ಮಾತ್ರ ನಿಖರವಾಗಿ ಇಟ್ಟುಕೊಂಡು ಉಳಿದುದನ್ನು ಸೊನ್ನೆಯಾಗಿಸುತ್ತದೆ. ಕೆಲವು ಬ್ಯಾಂಕುಗಳ ಖಾತೆ ಸಂಖ್ಯೆ 16 ಅಂಕಿಗಳದ್ದು. ಕೊನೆಯ ಅಂಕಿ ಸೊನ್ನೆಯಾದ ಪಟ್ಟಿಯನ್ನು ಹಾಗೆಯೇ ಆಮದು ಮಾಡಿ ಹಣ ರವಾನಿಸಿದರೆ, ರೈತರ ಹಣ ತಿರುಗಿ ಬರಬಹುದು ಅಥವಾ ಮತ್ತೊಬ್ಬರ ಖಾತೆಗೆ ಹೋಗಬಹುದು. ಇಂತಹ ಅಂಕಣಗಳನ್ನು ಮೊದಲೇ ‘ಟೆಕ್ಸ್ಟ್’ ಎಂದು ಗೊತ್ತುಪಡಿಸಬೇಕು.

3. ದಿನಾಂಕದ ಅದಲುಬದಲು. 05-04 ಎಂಬುದು ನಮಗೆ ಏಪ್ರಿಲ್ 5. ಅಮೆರಿಕದ ರೂಢಿಯಂತೆ ಹೊಂದಿಸಿದ ಯಂತ್ರಕ್ಕೆ ಅದು ಮೇ 4. ವರ್ಷ-ತಿಂಗಳು-ದಿನ ಎಂಬ ಕ್ರಮದಲ್ಲಿ ಬರೆದರೆ ಗೊಂದಲ ತಪ್ಪುತ್ತದೆ.

4. ಕನ್ನಡದ ಹೆಸರುಗಳು ಪ್ರಶ್ನಾರ್ಥಕ ಚಿಹ್ನೆಗಳಾಗುವುದು. ಹಳೆಯ ನುಡಿ ಅಥವಾ ಬರಹ ಅಕ್ಷರಶೈಲಿಯಲ್ಲಿ ಬೆರಳಚ್ಚಿಸಿದ ಪಟ್ಟಿಯನ್ನು ಮೊದಲು ಯೂನಿಕೋಡ್‌ಗೆ ಪರಿವರ್ತಿಸಬೇಕು. ಎಕ್ಸೆಲ್‌ನಿಂದ ಉಳಿಸುವಾಗ ‘ಸಿಎಸ್‌ವಿ ಯುಟಿಎಫ್-8’ ಬಗೆಯನ್ನೇ ಆರಿಸಬೇಕು. ಡೇಟಾಬೇಸಿನ ಅಂಕಣವು ‘ಎನ್‌ವಾರ್‌ಚಾರ್’ ಬಗೆಯದಾಗಿರಬೇಕು.

5. ಒಬ್ಬರೇ ಇಬ್ಬರಾಗುವುದು. ಗದಗ ಜಿಲ್ಲೆ 1997ರಲ್ಲಿ ಧಾರವಾಡದಿಂದ ಬೇರ್ಪಟ್ಟಿತು. ರೋಣ ತಾಲ್ಲೂಕಿನಲ್ಲಿದ್ದ ಗಜೇಂದ್ರಗಡ ಈಗ ಪ್ರತ್ಯೇಕ ತಾಲ್ಲೂಕು. ಹಳೆಯ ಪಟ್ಟಿಯಲ್ಲಿ ಒಬ್ಬರೇ ಗಿರಾಕಿ ‘ತಾ. ರೋಣ, ಜಿ. ಧಾರವಾಡ’ ಎಂದೂ, ಹೊಸ ಪಟ್ಟಿಯಲ್ಲಿ ‘ತಾ. ಗಜೇಂದ್ರಗಡ, ಜಿ. ಗದಗ’ ಎಂದೂ ಇದ್ದರೆ ಆಮದಿನ ನಂತರ ಎರಡು ಖಾತೆಗಳಾಗಿ ಬಾಕಿ ಹಂಚಿಹೋಗುತ್ತದೆ. ನೋಂದಾಯಿತ ವರ್ತಕರಿಗೆ 15 ಅಕ್ಷರಗಳ ಜಿಎಸ್‌ಟಿ ಸಂಖ್ಯೆಯನ್ನೂ, ರೈತರಿಗೆ ನಾವೇ ಕೊಟ್ಟ ಕ್ರಮಸಂಖ್ಯೆಯನ್ನೂ ಗುರುತಾಗಿ ಬಳಸಬೇಕೇ ಹೊರತು ಹೆಸರು-ವಿಳಾಸಗಳನ್ನಲ್ಲ.

ಈ ತೊಡಕುಗಳಿಂದ ಪಾರಾಗಲು ಮೂರು ಹೆಜ್ಜೆಗಳ ಕ್ರಮವೊಂದಿದೆ. ಮೊದಲನೆಯದಾಗಿ, ಆಮದು ಮಾಡುವ ಮುನ್ನ ಒಂದು ಪೂರ್ಣ ಬ್ಯಾಕಪ್ ತೆಗೆಯಬೇಕು; ಕೆಟ್ಟರೆ ಹಿಂದಿರುಗಲು ದಾರಿಯಿರುತ್ತದೆ. ಎರಡನೆಯದಾಗಿ, ಬಂದ ಸರಕನ್ನು ನೇರವಾಗಿ ಗೋದಾಮಿಗೆ ಹಾಕದೆ ಕಟ್ಟೆಯ ಮೇಲಿಳಿಸಿ ನೋಡುವಂತೆ, ದತ್ತಾಂಶವನ್ನು ಮೊದಲು ಒಂದು ತಾತ್ಕಾಲಿಕ ಕೋಷ್ಟಕಕ್ಕೆ ತಂದು ಪರಿಶೀಲಿಸಬೇಕು. ಮೂರನೆಯದಾಗಿ, ಮೂಲ ಕಡತದ ಸಾಲುಗಳ ಸಂಖ್ಯೆ ಮತ್ತು ಮೊತ್ತವನ್ನು ಆಮದಾದ ಸಾಲುಗಳ ಸಂಖ್ಯೆ ಮತ್ತು ಮೊತ್ತದೊಡನೆ ತಾಳೆ ಹಾಕಿದ ಮೇಲೆಯೇ ಮುಖ್ಯ ಖಾತೆಗೆ ಸೇರಿಸಬೇಕು.

ಪರಿಶೀಲನೆಯ ಮಹತ್ವಕ್ಕೆ ನಮ್ಮ ರಾಜ್ಯದಲ್ಲಿಯೇ ದೊಡ್ಡ ನಿದರ್ಶನವಿದೆ. ಭೂಮಿ ಯೋಜನೆಯಲ್ಲಿ ಸುಮಾರು 67 ಲಕ್ಷ ಭೂಮಾಲೀಕರ ಸುಮಾರು 2 ಕೋಟಿ ಪಹಣಿಗಳನ್ನು ಕೈಬರಹದ ಪುಸ್ತಕಗಳಿಂದ ಗಣಕಯಂತ್ರಕ್ಕೆ ಏರಿಸಲಾಯಿತು. ಬೆರಳಚ್ಚಾದ ಪ್ರತಿಗಳನ್ನು ಗ್ರಾಮಲೆಕ್ಕಿಗರು ಮೂಲದೊಡನೆ ಹೋಲಿಸಿ ತಿದ್ದಿದ ನಂತರವೇ ಅವು ಅಧಿಕೃತ ದಾಖಲೆಗಳಾದವು. ಬೆರಳಚ್ಚಿಗಿಂತ ಈ ಹೋಲಿಕೆಯ ಕೆಲಸವೇ ಹೆಚ್ಚು ತಾಳ್ಮೆಯನ್ನು ಬೇಡುವಂಥದು. ಎರಡು ಸಾವಿರ ಗಿರಾಕಿಗಳ ಬಾಕಿಯನ್ನು ಆಮದು ಮಾಡುವ ನಮಗೂ ಅದೇ ನೀತಿ ಅನ್ವಯಿಸುತ್ತದೆ.

ಕಾನೂನು ಏನು ಹೇಳುತ್ತದೆ?

ಬ್ಯಾಕಪ್ ಎಂಬುದು ಈಗ ಕೇವಲ ಜಾಣತನದ ವಿಷಯವಾಗಿ ಉಳಿದಿಲ್ಲ. ಕೇಂದ್ರ ಜಿಎಸ್‌ಟಿ ನಿಯಮಾವಳಿಯ 57ನೇ ನಿಯಮದ ಪ್ರಕಾರ, ವಿದ್ಯುನ್ಮಾನ ರೂಪದಲ್ಲಿ ಲೆಕ್ಕವಿಡುವವರು ಅದರ ಸಮರ್ಪಕ ಬ್ಯಾಕಪ್ಪನ್ನು ಕಾಪಾಡಬೇಕು. ಅಪಘಾತ ಅಥವಾ ನೈಸರ್ಗಿಕ ಕಾರಣಗಳಿಂದ ದಾಖಲೆ ನಾಶವಾದರೆ ಸೂಕ್ತ ಕಾಲಾವಧಿಯಲ್ಲಿ ಅದನ್ನು ಮತ್ತೆ ತರುವಂತಿರಬೇಕು. ಅಧಿನಿಯಮದ 36ನೇ ಕಲಮಿನಂತೆ ಲೆಕ್ಕಪತ್ರಗಳನ್ನು ಆಯಾ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಉಳಿಸಿಕೊಳ್ಳಬೇಕು. ಮೇಲ್ಮನವಿ ಮೊದಲಾದ ವಿವಾದವಿದ್ದರೆ ಅವಧಿ ಇನ್ನೂ ಬೆಳೆಯಬಹುದು. ಪ್ರೈವೇಟ್ ಲಿಮಿಟೆಡ್ ಕಂಪನಿಯಾಗಿ ನೋಂದಾಯಿಸಿಕೊಂಡವರಿಗೆ ನಿಯಮಗಳು ಇನ್ನೂ ಬಿಗಿಯಾಗಿವೆ: ಲೆಕ್ಕಪುಸ್ತಕಗಳನ್ನು ಎಂಟು ವರ್ಷ ಕಾಪಾಡಬೇಕು, 2022ರ ತಿದ್ದುಪಡಿಯಂತೆ ಬ್ಯಾಕಪ್ ಪ್ರತಿದಿನವೂ ಭಾರತದಲ್ಲಿರುವ ಸರ್ವರಿನಲ್ಲಿ ದಾಖಲಾಗಬೇಕು, 2023ರ ಏಪ್ರಿಲ್ 1ರಿಂದ ಪ್ರತಿಯೊಂದು ತಿದ್ದುಪಡಿಯ ಜಾಡನ್ನು ದಾಖಲಿಸುವ, ಆ ದಾಖಲಾತಿಯನ್ನು ಆರಿಸಲಾಗದ ತಂತ್ರಾಂಶವನ್ನೇ ಬಳಸಬೇಕು.

72 ತಿಂಗಳೆಂದರೆ ಆರು ವರ್ಷ. 2024-25ನೇ ಸಾಲಿನ ವಾರ್ಷಿಕ ರಿಟರ್ನಿನ ಕೊನೆಯ ದಿನ 2025ರ ಡಿಸೆಂಬರ್ 31 ಎಂದು ಹಿಡಿದರೆ, ಆ ಲೆಕ್ಕ 2031ರ ಕೊನೆಯವರೆಗೆ ತೆರೆಯುವಂತಿರಬೇಕು. ಅಷ್ಟರಲ್ಲಿ ತಂತ್ರಾಂಶದ ವರ್ಷನ್ ಬದಲಾಗಿರುತ್ತದೆ. ಎಸ್‌ಕ್ಯೂಎಲ್ ಸರ್ವರ್ 2014ಕ್ಕೆ ಕಂಪನಿಯ ಬೆಂಬಲ 2024ರ ಜುಲೈನಲ್ಲಿಯೇ ಮುಗಿಯಿತು. 2016ರ ವರ್ಷನ್ನಿಗೆ ನಿಗದಿಯಾದ ಕೊನೆಯ ದಿನ 2026ರ ಜುಲೈ 14. ಆದುದರಿಂದ ವರ್ಷಾಂತ್ಯದ ಬ್ಯಾಕಪ್ ಜೊತೆಗೆ ದಿನಚರಿ, ಖಾತೆ, ದಾಸ್ತಾನು ಪಟ್ಟಿಗಳನ್ನು ಪಿಡಿಎಫ್ ಹಾಗೂ ಸಾದಾ ಪಠ್ಯ ಕಡತವಾಗಿಯೂ ತೆಗೆದಿಡುವುದು ವಿವೇಕದ ಕೆಲಸ. ಸಾದಾ ಪಠ್ಯವನ್ನು ಯಾವ ಕಾಲದ ಯಾವ ತಂತ್ರಾಂಶವೂ ಆಮದು ಮಾಡಿಕೊಳ್ಳಬಲ್ಲುದು.

ಇತರ ಡೇಟಾಬೇಸ್‌ಗಳು

ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಂಬ ಮುಕ್ತ ತಂತ್ರಾಂಶದಲ್ಲಿ ಆವೃತ್ತಿಗಳ ತಾರತಮ್ಯವೇ ಇಲ್ಲ. ಗಾತ್ರದ ವಾಣಿಜ್ಯ ಮಿತಿಯೂ ಇಲ್ಲ. ಬ್ಯಾಕಪ್ ಮತ್ತು ಆಮದಿನ ಸಾಧನಗಳು ಅದರೊಡನೆಯೇ ಬರುತ್ತವೆ. ಮೈಎಸ್‌ಕ್ಯೂಎಲ್‌ನ ಕಮ್ಯುನಿಟಿ ಆವೃತ್ತಿ ಉಚಿತ. ಅದರಲ್ಲಿಯೂ ಸಾಮಾನ್ಯ ಬ್ಯಾಕಪ್ ಮತ್ತು ಆಮದಿನ ಸಾಧನಗಳಿವೆ, ದೊಡ್ಡ ಡೇಟಾಬೇಸುಗಳಿಗಾಗಿ ಇರುವ ವಿಶೇಷ ಬ್ಯಾಕಪ್ ಸಾಧನಕ್ಕೆ ಮಾತ್ರ ಶುಲ್ಕವಿದೆ. ಮೈಕ್ರೋಸಾಫ್ಟ್ ಆಕ್ಸೆಸ್‌ನ ಮಿತಿ 2 ಜಿಬಿ. ಆದರೆ ಡೇಟಾಬೇಸನ್ನು ಆರಿಸುವವರು ಬಹುತೇಕ ತಂತ್ರಾಂಶ ತಯಾರಕರೇ ಹೊರತು ನಾವಲ್ಲ. ಆದ್ದರಿಂದ ಯಾವುದನ್ನು ಆರಿಸಿದ್ದಾರೆ, ಕೆಟ್ಟಾಗ ದುರಸ್ತಿ ಮಾಡಬಲ್ಲವರು ಗದಗ ಅಥವಾ ಹುಬ್ಬಳ್ಳಿಯಲ್ಲಿ ಇದ್ದಾರೆಯೇ ಎಂದು ಕೇಳಿ ತಿಳಿಯಬೇಕು. ಟ್ಯಾಲಿ ಮಾತ್ರ ಬಳಸುವವರಿಗೆ ಈ ಆಯ್ಕೆಯ ಪ್ರಶ್ನೆಯಿಲ್ಲ. ಅದರಲ್ಲಿ ತನ್ನದೇ ಬ್ಯಾಕಪ್ ವ್ಯವಸ್ಥೆಯಿದೆ. ಆದರೂ ಪ್ರತಿಗಳ ಸ್ಥಳ ಮತ್ತು ಮರುಸ್ಥಾಪನೆಯ ಪರೀಕ್ಷೆಯ ಕುರಿತು ಮೇಲೆ ಹೇಳಿದ್ದೆಲ್ಲವೂ ಅವರಿಗೂ ಅನ್ವಯಿಸುತ್ತದೆ.

ಯಾರಿಗೆ ಯಾವುದು?

ಒಂದೇ ಅಂಗಡಿ, ಐದಾರು ಗಣಕಯಂತ್ರಗಳು, ಚಿತ್ರಗಳು ಡೇಟಾಬೇಸಿನ ಹೊರಗೆ: ಇಂತಹವರಿಗೆ ಉಚಿತ ಆವೃತ್ತಿ ಸಾಕು. ಉಳಿದ ಹಣವನ್ನು ಯುಪಿಎಸ್, ಎರಡು ಹೊರ ಡಿಸ್ಕುಗಳು ಹಾಗೂ ಅಂತರಜಾಲ ಸಂಗ್ರಹಕ್ಕೆ ವಿನಿಯೋಗಿಸುವುದು ಲಾಭದಾಯಕ. ಹಲವು ಶಾಖೆಗಳು, ಹಗಲಿರುಳು ಪಾಳಿ ನಡೆಯುವ ಕಾರ್ಖಾನೆ, ಮಿತಿಯ ಸಮೀಪಕ್ಕೆ ಬಂದ ಡೇಟಾಬೇಸು, ಪ್ರತಿದಿನ ಅನೇಕ ಮೂಲಗಳಿಂದ ಆಮದು: ಇವುಗಳಲ್ಲಿ ಎರಡಾದರೂ ಇದ್ದವರು ಸ್ಟ್ಯಾಂಡರ್ಡ್ ಆವೃತ್ತಿಯ ಅಥವಾ ಪೋಸ್ಟ್‌ಗ್ರೆಸ್‌ಕ್ಯೂಎಲ್ ಆಧರಿಸಿದ ತಂತ್ರಾಂಶದ ವಿಚಾರ ಮಾಡಬಹುದು. ಸ್ಟ್ಯಾಂಡರ್ಡ್‌ಗೆ ಹೋಗುವ ಮೊದಲು 2025 ವರ್ಷನ್ನಿನ ಉಚಿತ ಆವೃತ್ತಿಯ 50 ಜಿಬಿ ಮಿತಿಯೇ ಸಾಲುವುದೇ, ತಮ್ಮ ತಂತ್ರಾಂಶ ಅದರೊಡನೆ ಹೊಂದುವುದೇ ಎಂದು ತಯಾರಕರನ್ನು ಕೇಳುವುದು ಒಳ್ಳೆಯದು.

ಹಣ ಪಾವತಿಸುವ ಮುನ್ನ ಮಾರಾಟಗಾರರಿಗೆ ಕೇಳಬೇಕಾದ ಐದು ಪ್ರಶ್ನೆಗಳು ಇವು. ಯಾವ ಡೇಟಾಬೇಸು, ಯಾವ ವರ್ಷನ್, ಯಾವ ಆವೃತ್ತಿ? ಬ್ಯಾಕಪ್ ಎಷ್ಟು ಗಂಟೆಗೆ, ಎಲ್ಲಿಗೆ ಹೋಗುತ್ತದೆ, ವಿಫಲವಾದರೆ ಯಾರಿಗೆ ತಿಳಿಯುತ್ತದೆ? ನನ್ನೆದುರಿಗೆ ಬೇರೊಂದು ಯಂತ್ರದಲ್ಲಿ ಮರುಸ್ಥಾಪಿಸಿ ತೋರಿಸುವಿರಾ? ಹಳೆಯ ಲೆಕ್ಕವನ್ನು ಆಮದು ಮಾಡಿ, ಮೊತ್ತ ತಾಳೆ ಹಾಕಿ ಕೊಡುವಿರಾ? ನಾಳೆ ನಾನು ಬೇರೆ ತಂತ್ರಾಂಶಕ್ಕೆ ಹೋಗಬಯಸಿದರೆ ನನ್ನ ಎಲ್ಲ ದತ್ತಾಂಶವನ್ನು ಸಾದಾ ಕಡತವಾಗಿ, ಡೇಟಾಬೇಸಿನ ಪಾಸ್‌ವರ್ಡ್ ಸಹಿತ, ಒಪ್ಪಿಸುವಿರಾ? ಕೊನೆಯ ಪ್ರಶ್ನೆಗೆ ಸ್ಪಷ್ಟ ಉತ್ತರ ಬಾರದಿದ್ದರೆ ಲೆಕ್ಕ ನಮ್ಮದಾಗಿದ್ದರೂ ಕೀಲಿಕೈ ಪರರ ಕೈಯಲ್ಲಿದೆ ಎಂದು ತಿಳಿಯಬೇಕು.

ದುಬಾರಿ ಆವೃತ್ತಿಯು ಬ್ಯಾಕಪ್ ತೆಗೆಯುವ ಆಳನ್ನು ಒದಗಿಸಬಹುದು. ಆ ಆಳು ಕೆಲಸ ಮಾಡಿದನೇ ಎಂದು ನೋಡುವ ಮಾಲೀಕರ ಕಣ್ಣನ್ನು ಯಾವ ಆವೃತ್ತಿಯೂ ಒದಗಿಸಲಾರದು. ಈ ಲೇಖನವನ್ನು ಓದಿದ ಸದಸ್ಯರು ಇಂದೇ ತಮ್ಮ ಗಣಕಯಂತ್ರದಲ್ಲಿ ಕೊನೆಯ ಬ್ಯಾಕಪ್ ಕಡತದ ದಿನಾಂಕವನ್ನು ನೋಡಿದರೆ, ಮತ್ತು ಮುಂದಿನ ಸುಗ್ಗಿಗೆ ಮೊದಲು ಒಮ್ಮೆ ಅದನ್ನು ಮರುಸ್ಥಾಪಿಸಿ ಪರೀಕ್ಷಿಸಿದರೆ, ಈ ಬರಹದ ಉದ್ದೇಶ ಸಫಲವಾದಂತೆ.